ಬಟಾಟೆ ಸಾಲಡಿನ ಬಿಯರ್

ಫರಂಗಿಪೇಟೆ
14 ಜನವರಿ 1997

ಬೆನೆಡಿಕ್ಟಾ ಬಾಯಿಯವರಿಗೆ ಝಾಹಿದಾಳ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಕುವೈತಿನಲ್ಲಿ ನೀವು ಅಡುಗೆ ಮಾಡುವ ಮನೆಯಲ್ಲೇ ಡ್ರೈವರ್ ಆಗಿರುವ ಝಹೀರ್ ನನ್ನ ಗಂಡ. ಫೋನಿನಲ್ಲಿ ಅವರು ನಿಮ್ಮನ್ನು "ಬೆನೆಡಿಕ್ಟಕ್ಕ" ಎಂದೇ ಹೇಳುವುದು. ನಿಮ್ಮ ಊರು ಕಿನ್ನಿಗೋಳಿಯೆಂದೂ, ಯಜಮಾನರು ತೀರಿಕೊಂಡಿದ್ದಾರೆಂದೂ, ಮಗಳು ಫೆಲ್ಸಿ ನರ್ಸಿಂಗ್ ಮುಗಿಸುತ್ತಿದ್ದಾಳೆಂದೂ ಹಾಗೆಯೇ ಗೊತ್ತಾದದ್ದು. ನಮ್ಮದು ಬ್ಯಾರಿ ಭಾಷೆ, ನಿಮ್ಮದು ಕೊಂಕಣಿ. ಅದಕ್ಕೆ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪ್ರತೀ ಶುಕ್ರವಾರ ಜುಮಾ ನಮಾಝ್ ಮುಗಿಸಿ ಇವರು ಪಕ್ಕದ ಅಂಗಡಿಯ ಫೋನಿಗೆ ಮಾಡುತ್ತಿದ್ದರು. ಹೊಸ ವರ್ಷ ಹುಟ್ಟಿದ ಮೇಲೆ ಒಂದು ಫೋನೂ ಇಲ್ಲ. ಉಪವಾಸ ಶುರುವಾದ ದಿನ ಖಂಡಿತ ಮಾಡುತ್ತಾರೆಂದು ಮಗಳು ಫರ್ಸಾನಾಳನ್ನು ಎತ್ತಿಕೊಂಡು ಅಂಗಡಿಯ ಎದುರು ಕಾದು ನಿಂತೆ. ಬರಲಿಲ್ಲ. ಕುವೈತಿನಲ್ಲೇ ಸುಲೈಬಿಯಾದ ಗೋದಾಮಿನಲ್ಲಿ ಕೆಲಸಕ್ಕಿರುವ ಇವರ ತಮ್ಮ ಫಾಝಿಲನಿಗೆ ಹೇಳಿ ಕಳಿಸಿದರೆ "ಅಣ್ಣ ಚೆನ್ನಾಗಿದ್ದಾನೆ, ಅತ್ತಿಗೆ ಸುಮ್ಮನೆ ಹೆದರುವುದು ಬೇಡ" ಎಂಬ ಉತ್ತರ ಬಂತು. ಫಾಝಿಲ್ ಯಾವಾಗಲೂ ನನ್ನ ಹತ್ತಿರ ತಮಾಷೆ ಮಾಡುವ ಹುಡುಗ. ಈ ಸಲ ತಮಾಷೆ ಇರಲಿಲ್ಲ.

ನೀವು ಒಂದೇ ಮನೆಯಲ್ಲಿರುವವರು. ಅವರಿಗೆ ಏನಾಗಿದೆ ಎಂದು ನೇರವಾಗಿ ಬರೆಯಿರಿ. ಮೈ ಹುಷಾರಿಲ್ಲದಿದ್ದರೂ ಹೇಳಿ, ನಾನು ಗಟ್ಟಿ ಇದ್ದೇನೆ.

ಇತಿ,
ಝಾಹಿದಾ


ಅಹ್ಮದಿ
27 ಜನವರಿ 1997

ಪ್ರಿಯ ತಂಗಿ ಝಾಹಿದಾ,

ನಿನ್ನ ಕಾಗದ ತಲುಪಿತು. ಝಹೀರ್ ಕ್ಷೇಮವಾಗಿದ್ದಾನೆ. ಸಾಹೇಬರ ಕಂಪನಿಯ ಕೆಲಸಕ್ಕೆಂದು ಅವನನ್ನು ದೂರ ಕಳಿಸಿದ್ದಾರೆ. ಅದು ಮರುಭೂಮಿಯ ಒಳಗೆ, ಅಲ್ಲಿ ಫೋನಿಲ್ಲ. ಬಂದ ಕೂಡಲೇ ಮಾಡುತ್ತಾನೆ.

ಇಲ್ಲಿ ಈಗ ತುಂಬಾ ಚಳಿ. ಊರಿನವರಿಗೆ ಹೇಳಿದರೆ ನಂಬುವುದಿಲ್ಲ, ಬೆಳಿಗ್ಗೆ ನಲ್ಲಿಯ ನೀರು ಮುಟ್ಟಲು ಆಗುವುದಿಲ್ಲ. ಮೊನ್ನೆ ಮಳೆಯೂ ಬಂತು. ನೀವೆಲ್ಲ ಉಪವಾಸದಲ್ಲಿರುವುದರಿಂದ ಆರೋಗ್ಯ ನೋಡಿಕೊಳ್ಳಿ. ಮಗುವಿಗೆ ನನ್ನ ಮುದ್ದು. ಉಪವಾಸ ಮುಗಿದ ಮೇಲೆ ಪೆರ್ನಾಲ್ ಹಬ್ಬ ಚೆನ್ನಾಗಿ ಮಾಡಿ.

ನೀನು ಕೇಳಿದ್ದಕ್ಕೆ ಇಷ್ಟೇ. ಮೇಡಂ ಕರೆಯುತ್ತಿದ್ದಾರೆ.

ನಿನ್ನ
ಬೆನೆಡಿಕ್ಟಾ


ಫರಂಗಿಪೇಟೆ
12 ಫೆಬ್ರವರಿ 1997

ಬೆನೆಡಿಕ್ಟಾ ಅವರಿಗೆ,

ಪೆರ್ನಾಲಿನ ದಿನ ಫಾಝಿಲ್ ಫೋನ್ ಮಾಡಿದ. ಹಬ್ಬದ ಮಾತು ಒಂದೂ ಆಡಲಿಲ್ಲ, ಅಳಲು ಶುರು ಮಾಡಿದ. ಡಿಸೆಂಬರಿನ ಕೊನೆಯ ದಿನದಿಂದ ನನ್ನ ಗಂಡ ಜೈಲಿನಲ್ಲಿದ್ದಾರಂತೆ. ಕಾರಿನ ಡಿಕ್ಕಿಯಲ್ಲಿ ಒಂದು ದೊಡ್ಡ ಕ್ಯಾನ್ ಬಿಯರ್ ಸಿಕ್ಕಿತಂತೆ. ಚೆಕ್‌ಪೋಸ್ಟಿನಲ್ಲಿ ಪೊಲೀಸರು ಮುಚ್ಚಳ ತೆಗೆದು ಮೂಸಿ ಅಲ್ಲೇ ಕೋಳ ಹಾಕಿದರಂತೆ. ಇವರು ಕುಡುಕರಿಗೆ ಮಾರುತ್ತಿದ್ದರೆಂದು ಕೇಸು. ನಿಮ್ಮ ಸಾಹೇಬರೂ ಪೊಲೀಸರಿಗೆ ಹಾಗೆಯೇ ಹೇಳಿದರಂತೆ.

ನೀವು ಮರುಭೂಮಿ ಎಂದು ಬರೆದಿರಿ. ಚಳಿ, ಮಳೆ ಎಂದು ಬರೆದಿರಿ.

ನನ್ನ ಗಂಡ ಮದುವೆ ಮನೆಗಳಲ್ಲಿ ಯಾರೋ ಕುಡಿದು ಬಂದರೆ ಊಟ ಬಿಟ್ಟು ಎದ್ದು ಬರುವ ಮನುಷ್ಯ. ಮಾವ ಮೊಯ್ದೀನ್ ಕುಂಞಿಯವರು ನಮ್ಮ ಮಸೀದಿಯಲ್ಲಿ ಬಾಂಗ್ ಕೊಡುವವರು. ಇಪ್ಪತ್ತು ವರ್ಷದಿಂದ ಈ ಊರು ಅವರ ಸ್ವರಕ್ಕೇ ಏಳುವುದು. ಸುದ್ದಿ ಕೇಳಿದ ಮರುದಿನ ಅವರು ಹೋಗಲಿಲ್ಲ. "ಕಳ್ಳು ಮಾರಿದವನ ತಂದೆ ಯಾವ ಬಾಯಿಯಲ್ಲಿ ಜನರನ್ನು ನಮಾಝಿಗೆ ಕರೆಯುವುದು?" ಎಂದು ನನ್ನನ್ನೇ ಕೇಳಿದರು. ಈಗ ಬೇರೆ ಯಾರೋ ಬಾಂಗ್ ಕೊಡುತ್ತಾರೆ. ಆ ಹೊತ್ತಿಗೆ ಮಾವ ಅಂಗಳದಲ್ಲಿ ಮಸೀದಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನನಗೆ ನೋಡಲು ಆಗುವುದಿಲ್ಲ.

ಆ ಕ್ಯಾನ್ ಯಾರದು? ಇವರ ಕಾರಿಗೆ ಹೇಗೆ ಬಂತು? ಅದರಲ್ಲಿ ಏನಿತ್ತೆಂದು ಇವರಿಗೆ ಗೊತ್ತಿತ್ತಾ? ನನಗೆ ಇನ್ನು ಸಮಾಧಾನ ಬೇಡ. ಆದದ್ದನ್ನು ಆದ ಹಾಗೆ ಬರೆಯಿರಿ.

ಝಾಹಿದಾ


ಅಹ್ಮದಿ
26 ಫೆಬ್ರವರಿ 1997

ತಂಗಿ ಝಾಹಿದಾ,

ನಿನ್ನ ಕಾಗದವನ್ನು ಮೇಡಂ ತಾವೇ ತಂದು ನನ್ನ ಕೈಗೆ ಕೊಟ್ಟರು. ಕೊಡುವ ಮೊದಲು ಎರಡೂ ಬದಿ ತಿರುಗಿಸಿ ನೋಡಿದರು. "ಮನೆಯಿಂದಲಾ, ಬೆನೆ?" ಎಂದು ಕೇಳಿದರು. ಹೌದೆಂದೆ. ನಮ್ಮ ಅಕ್ಷರ ಅವರಿಗೆ ಓದಲು ಬಾರದ್ದು ದೇವರ ದಯೆ.

ಕೇಳು. ನಮ್ಮ ಸಾಹೇಬ, ಮೇಡಂ ಜರ್ಮನಿಯವರು. ಅವರ ಊರಲ್ಲಿ ಹಬ್ಬದೂಟಕ್ಕೆ ಬಟಾಟೆ ಸಾಲಡ್ ಆಗಲೇಬೇಕು. ಕಳೆದ ಈಸ್ಟರಿಗೆ ಮೇಡಂ ಪಕ್ಕದಲ್ಲಿ ನಿಂತು ನನಗೆ ಕಲಿಸಿದರು. ಬಟಾಟೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇರುವಾಗಲೇ ಸುಲಿದು ಬಿಲ್ಲೆ ಮಾಡಬೇಕು. ಬಾಣಲೆಯಲ್ಲಿ ಬೆಣ್ಣೆ ಹಾಕಿ ನೀರುಳ್ಳಿ ಬಾಡಿಸಿ, ಒಂದು ಚಮಚ ಮೈದಾ, ಅರೆದ ಸಾಸಿವೆ, ಸ್ವಲ್ಪ ಸಕ್ಕರೆ. ಅದರ ಮೇಲೆ ಬಿಯರ್ ಸುರಿದರೆ ನೊರೆ ಎದ್ದು ಬಾಣಲೆಯ ಅಂಚಿಗೆ ಬರುತ್ತದೆ. ಕುದಿದು ಗಟ್ಟಿಯಾದ ಮೇಲೆ ಬಿಸಿ ಬಟಾಟೆಯ ಮೇಲೆ ಹೊಯ್ಯುವುದು. ತಣಿದ ಬಟಾಟೆ ರಸ ಎಳೆಯುವುದಿಲ್ಲ, ಅಲ್ಲೇ ಹೊರಗೆ ನಿಲ್ಲುತ್ತದೆ. ನಿನಗೆ ಇದೆಲ್ಲ ವಿಚಿತ್ರ ಕಾಣಬಹುದು. ನಾವು ಇಡ್ಲಿಯಂಥ ಸನ್ನಾದ ಹಿಟ್ಟು ಉಬ್ಬಲು ಕಳ್ಳು ಹಾಕುವ ಜನ, ಆದ್ದರಿಂದ ನನಗೆ ಹಾಗೆ ಕಾಣಲಿಲ್ಲ. "ವಿನೆಗರ್ ಹಾಕಿದರೆ ಸಾಲದಾ ಮೇಡಂ?" ಎಂದು ಮಾತ್ರ ಕೇಳಿದ್ದೆ. "ಆಗ ಅದು ಆಸ್ಪತ್ರೆಯ ಊಟ" ಎಂದರು.

ಈ ದೇಶದಲ್ಲಿ ಬಿಯರ್ ಮುಟ್ಟುವ ಹಾಗಿಲ್ಲವೆಂದು ನಿನಗೂ ಗೊತ್ತು. ಸಾಹೇಬರ ಸ್ನೇಹಿತರೊಬ್ಬರು ಫಾಹಾಹೀಲಿನ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಾಡುತ್ತಾರೆ. ಯಾವಾಗಲೂ ಸಾಹೇಬರೇ ಹೋಗಿ ತರುತ್ತಿದ್ದರು. ಡಿಸೆಂಬರ್ ಮೂವತ್ತೊಂದಕ್ಕೆ ಹೊಸ ವರ್ಷದ ಪಾರ್ಟಿ. ಸಾಹೇಬರು ಎಣ್ಣೆ ಬಾವಿಯ ಕಡೆ ಹೋದವರು ಬಂದಿರಲಿಲ್ಲ. ಒಲೆಯ ಮೇಲೆ ಬಟಾಟೆ ಬೇಯುತ್ತಿತ್ತು. ಮೇಡಂ ಅಡುಗೆಮನೆಗೆ ಝಹೀರನನ್ನು ಕರೆದು, ಇಂಥ ಮನೆಗೆ ಹೋಗಿ ಒಂದು ಕ್ಯಾನ್ ತಾ ಎಂದರು. ಒಳಗೆ ಏನೆಂದು ಹೇಳಲಿಲ್ಲ.

ಅವನು ನನ್ನ ಕಡೆ ತಿರುಗಿ, ನಮಗಿಬ್ಬರಿಗೂ ಬರುವ ತುಳುವಿನಲ್ಲಿ "ಎಂಥದು ಅಕ್ಕ?" ಎಂದು ಕೇಳಿದ.

ನಾನು "ವಿನೆಗರ್. ಸಾಲಡಿಗೆ" ಅಂದೆ.

ಅಷ್ಟೇ ತಂಗಿ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಬಟಾಟೆ ಸುಲಿದು ಕತ್ತರಿಸಿ, ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು, ಮೇಲೆ ಬಟ್ಟೆ ಮುಚ್ಚಿದೆ. ಗೇಟಿನ ಕಡೆ ನೋಡಿದೆ. ಫಾಹಾಹೀಲ್ ಇಲ್ಲಿಂದ ದೂರವೇ ಅಲ್ಲ. ನೀರು ತಣಿಯಿತು, ಮತ್ತೆ ಬಿಸಿ ಮಾಡಿದೆ. ಸಾಹೇಬರು ಬಂದರು. ಆಮೇಲೆ ಫೋನ್ ಬಂತು. ಅವರು ತಮ್ಮ ಭಾಷೆಯಲ್ಲಿ ಮೇಡಂಗೆ ಏನೋ ಹೇಳಿದರು, ಇಬ್ಬರೂ ರೂಮಿನ ಬಾಗಿಲು ಹಾಕಿಕೊಂಡರು. ಆಮೇಲೆ ಮೇಡಂ ಒಬ್ಬರೇ ಹೊರಗೆ ಬಂದರು. "ಬೆನೆ, ವಿನೆಗರೇ ಹಾಕು" ಎಂದರು.

ಹಾಕಿದೆ. ಅತಿಥಿಗಳು ಬಂದರು, ತಿಂದರು, ನಕ್ಕರು. ಒಬ್ಬ ಹೆಂಗಸು ಅಡುಗೆಮನೆಗೇ ಬಂದು ತುಂಬಾ ಚೆನ್ನಾಗಿದೆ ಎಂದು ನನ್ನ ಭುಜ ತಟ್ಟಿದಳು. ಝಹೀರ್ ಆಗ ಸ್ಟೇಷನ್ನಿನ ನೆಲದಲ್ಲಿ ಕುಳಿತಿದ್ದ.

ಎರಡು ದಿನದ ಮೇಲೆ ಪೊಲೀಸರು ಮನೆಗೆ ಬಂದರು. ಸಾಹೇಬರು ಸೋಫಾದಲ್ಲಿ ಕುಳಿತು, ಡ್ರೈವರ್ ತನ್ನ ಬಿಡುವಿನಲ್ಲಿ ಏನು ಮಾಡುತ್ತಾನೆಂದು ನಮಗೆ ಗೊತ್ತಿಲ್ಲ ಎಂದರು. ಒಬ್ಬ ನನ್ನನ್ನು ಹಿಂದಿಯಲ್ಲಿ ಕೇಳಿದ, ನಿನಗೇನಾದರೂ ಗೊತ್ತಾ ಎಂದು. ಸಾಹೇಬರು ನನ್ನ ಕಡೆ ನೋಡುತ್ತಿದ್ದರು. "ನಹೀ" ಎಂದೆ.

ಫೆಲ್ಸಿಯ ವೀಸಾ ಸಾಹೇಬರ ಕೈಯಲ್ಲಿದೆ. ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಪೊಲೀಸರು ಹೋದ ಮೇಲೆ ಮೇಡಂ ನನ್ನ ಕೈ ಹಿಡಿದುಕೊಂಡು "ನಿನ್ನ ಮಗಳ ಪೇಪರ್ ಈ ತಿಂಗಳೇ ಕಳಿಸುತ್ತಾರೆ" ಎಂದರು. ನಾನು ಕೇಳಿರಲಿಲ್ಲ.

ನೀನು ಆದದ್ದನ್ನು ಆದ ಹಾಗೆ ಬರೆ ಎಂದೆ. ಬರೆದಿದ್ದೇನೆ.

ಬೆನೆಡಿಕ್ಟಾ


ಫರಂಗಿಪೇಟೆ
12 ಮಾರ್ಚ್ 1997

ಬೆನೆಡಿಕ್ಟಾ ಅವರಿಗೆ,

ನಿಮ್ಮ ಕಾಗದವನ್ನು ಮಾವನಿಗೆ ಓದಿ ಹೇಳಿದೆ. "ಅವನಿಗೆ ಗೊತ್ತಿರಲಿಲ್ಲ" ಎಂಬಲ್ಲಿ ಅವರು ಕೈ ಎತ್ತಿ ನಿಲ್ಲಿಸಿ, ಅದನ್ನು ಮತ್ತೊಮ್ಮೆ ಓದಿಸಿದರು. ಇನ್ನೊಮ್ಮೆ ಓದಿಸಿದರು. ಮಾರನೇ ಬೆಳಿಗ್ಗೆ ನಾನು ಎಚ್ಚರಾದದ್ದು ಮಾವನ ಬಾಂಗಿಗೆ. ಮಸೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದಾರೆ, ನನ್ನ ಮಗ ಮೋಸ ಹೋದದ್ದು, ಮೋಸ ಮಾಡಿದ್ದಲ್ಲ ಎಂದು.

ಅದಕ್ಕೆ ನಿಮಗೆ ಉಪಕಾರ ಎನ್ನಬೇಕಾ? ನನ್ನಿಂದ ಆಗುವುದಿಲ್ಲ. ಇವರು ನಿಮ್ಮನ್ನು ಅಕ್ಕ ಎಂದು ನಂಬಿ ಕೇಳಿದರು. ನೀವು ಒಂದು ಮಾತು ಬೇರೆ ಹೇಳಿದ್ದರೆ ಇವರು ಆ ಕಾರು ಹತ್ತುತ್ತಿರಲಿಲ್ಲ. ಬಟಾಟೆಗೆ ಹೊಯ್ಯುವ ಒಂದು ಸೌಟು ರಸಕ್ಕೋಸ್ಕರ ನನ್ನ ಮಗಳ ತಂದೆಯನ್ನು ಕಳಿಸಿದಿರಿ. ಆಮೇಲೆ ನಿಮ್ಮ ಮಗಳ ವೀಸಾಕ್ಕೋಸ್ಕರ ಬಾಯಿ ಮುಚ್ಚಿಕೊಂಡಿರಿ. ನಿಮ್ಮ ಮಗಳು ಮಗಳು, ನನ್ನ ಮಗಳು ಏನು?

ಮುಂದಿನ ತಿಂಗಳು ಕೇಸು ತೀರ್ಮಾನವಂತೆ. ಮಾರಿದ್ದೆಂದಾದರೆ ವರ್ಷಗಟ್ಟಲೆ ಒಳಗೆ ಎಂದು ಫಾಝಿಲ್ ಹೇಳುತ್ತಾನೆ. ನೀವು ಮಾಡಬೇಕಾದದ್ದು ಒಂದೇ. ನನಗೆ ಬರೆದದ್ದನ್ನು ಅಲ್ಲಿ ಹೋಗಿ ಹೇಳಿ. ಹೀಗೆಯೇ, ಒಂದು ಮಾತೂ ಕಡಿಮೆ ಇಲ್ಲದೆ. ನನಗೆ ಬರೆಯುವಾಗ ಇದ್ದ ಧೈರ್ಯ ಅವರ ಎದುರೂ ಇರಲಿ.

ಹೇಳಲು ಆಗದಿದ್ದರೆ ನನಗೆ ಮತ್ತೆ ಬರೆಯಬೇಡಿ.

ಝಾಹಿದಾ


ಅಹ್ಮದಿ
28 ಮಾರ್ಚ್ 1997, ಶುಭ ಶುಕ್ರವಾರ

ತಂಗಿ ಝಾಹಿದಾ,

ಇವತ್ತು ನಮಗೆ ಉಪವಾಸ. ಚರ್ಚಿಗೆ ಹೋಗಿ ಬಂದು ಕುಳಿತಿದ್ದೇನೆ. ನಾಳೆ ಶನಿವಾರ ಕಚೇರಿಗಳು ತೆರೆಯುತ್ತವೆ. ಫಾಝಿಲ್ ಬೆಳಿಗ್ಗೆ ಟ್ಯಾಕ್ಸಿ ತರುತ್ತೇನೆಂದಿದ್ದಾನೆ. ಹೋಗುತ್ತೇನೆ. ನಿನಗೆ ಬರೆದದ್ದನ್ನೇ ಹೇಳುತ್ತೇನೆ, ಒಂದು ಮಾತೂ ಕಡಿಮೆ ಇಲ್ಲದೆ.

ಮೇಡಂಗೆ ಹೇಳದೆ ಹೋಗಲು ಮನಸ್ಸಾಗಲಿಲ್ಲ. ನಿನ್ನೆ ಅವರು ಒಬ್ಬರೇ ಇರುವಾಗ ಹೇಳಿದೆ.

"ಬೆನೆ, ನಿನಗೆ ಹುಚ್ಚಾ? ನಿನ್ನ ಮೇಲೆಯೇ ಬರುತ್ತದೆ" ಎಂದರು.

"ನೀವೂ ಬನ್ನಿ ಮೇಡಂ. ಇಬ್ಬರೂ ಹೇಳಿದರೆ ಹಗುರ ಆಗುತ್ತದೆ" ಎಂದೆ.

ಅವರು ಕುರ್ಚಿಯಲ್ಲಿ ಕುಳಿತು ಅತ್ತರು. ಕೆಟ್ಟ ಹೆಂಗಸಲ್ಲ ಝಾಹಿದಾ, ನನಗೆ ಜ್ವರ ಬಂದಾಗ ತಾವೇ ಗಂಜಿ ಮಾಡಿ ಕೊಟ್ಟವರು. ಆದರೆ ಅತ್ತು ಮುಗಿಸಿ ಎದ್ದು ಗಂಡನಿಗೆ ಫೋನ್ ಮಾಡಿದರು. ಸಾಹೇಬರು ಸಂಜೆ ಬಂದರು. ಊಟ ಬಡಿಸಿದೆ, ತಿಂದರು. ಏಳುವಾಗ "ನಿನ್ನ ಮಗಳ ವಿಷಯ ಖಲಾಸ್, ತಿಳಿಯಿತಲ್ಲ?" ಎಂದರು. ತಿಳಿಯಿತು ಎಂದೆ.

ಫೆಲ್ಸಿಗೆ ಬೇರೆ ಬರೆದಿದ್ದೇನೆ. ಏನು ಬರೆಯಬೇಕೆಂದು ಗೊತ್ತಾಗದೆ ವೀಸಾ ಆಗುವುದಿಲ್ಲ ಎಂದಷ್ಟೇ ಬರೆದೆ.

ಮುಂದೆ ನನ್ನ ಕಾಗದ ಬಾರದಿದ್ದರೆ, ಹೋಗಲಿಲ್ಲವೆಂದು ತಿಳಿಯಬೇಡ.

ಬೆನೆಡಿಕ್ಟಾ


ಫರಂಗಿಪೇಟೆ
20 ಮೇ 1997

ಬೆನೆಡಿಕ್ಟಾ ಬಾಯಿಯವರಿಗೆ,

ಇದನ್ನು ಫಾಝಿಲನ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀವು ಇರುವಲ್ಲಿಗೆ ಚರ್ಚಿನ ಸಿಸ್ಟರ್ ಹೋಗಿ ಬರುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತಾನಂತೆ.

ಆ ಶನಿವಾರ ನೀವು ಒಳಗೆ ಹೋದವರು ಹೊರಗೆ ಬರಲಿಲ್ಲವೆಂದು ಫಾಝಿಲ್ ಹೇಳಿದ. ಸಾಯಂಕಾಲದವರೆಗೆ ಮೆಟ್ಟಿಲಿನಲ್ಲಿ ಕುಳಿತಿದ್ದನಂತೆ. ನಾನು ಅಂದುಕೊಂಡದ್ದು ಸಾಕ್ಷಿ ಹೇಳಿ ಮನೆಗೆ ಹೋಗುತ್ತೀರಿ, ಹೆಚ್ಚೆಂದರೆ ಕೆಲಸ ಹೋಗುತ್ತದೆ ಎಂದು. ಸಾಕ್ಷಿಯನ್ನೇ ಒಳಗೆ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಖಂಡಿತ ಗೊತ್ತಿರಲಿಲ್ಲ.

ನಿಮ್ಮ ಸಾಹೇಬ, ಮೇಡಂ ಒಂದೇ ವಾರದಲ್ಲಿ ಊರಿಗೆ ಹಾರಿದರಂತೆ. ಫಾಹಾಹೀಲಿನ ಸ್ನೇಹಿತನೂ ಇಲ್ಲವಂತೆ. ಉಳಿದವರು ನೀವೊಬ್ಬರೇ.

ಝಹೀರ್ ಮೇಲಿನ ಮಾರಾಟದ ಕೇಸು ಬಿಟ್ಟರು. ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ರದ್ದು ಮಾಡಿ ಊರಿಗೆ ಕಳಿಸುತ್ತಾರೆ, ಇನ್ನು ಅಲ್ಲಿಗೆ ಕಾಲಿಡುವ ಹಾಗಿಲ್ಲ. ಮನೆಯಲ್ಲಿ ಎಲ್ಲರಿಗೂ ಸಂತೋಷ. ನಾನು ಸಂತೋಷ ಪಡಲು ಕುಳಿತರೆ ನಿಮ್ಮ ನೆನಪಾಗುತ್ತದೆ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಹೇಗಿದ್ದೀರಿ ಎಂದು ಒಂದು ಗೆರೆ ಬರೆಯಿರಿ.

ಝಾಹಿದಾ


ಕುವೈತ್
18 ಜೂನ್ 1997

ತಂಗಿ ಝಾಹಿದಾ,

ನಾನು ಚೆನ್ನಾಗಿದ್ದೇನೆ. ಈ ಸಲ ಮರುಭೂಮಿಯ ಕಥೆಯಲ್ಲ, ನಿಜವಾಗಿಯೂ. ಆರು ತಿಂಗಳು ಹಾಕಿದ್ದಾರೆ, ಆಮೇಲೆ ಊರಿಗೆ. ಇಲ್ಲಿ ಒಂದು ದೊಡ್ಡ ಹಾಲಿನಲ್ಲಿ ನಾವೆಲ್ಲ ಹೆಂಗಸರು. ಹೊರಗೆ ಬೆಂಕಿಯ ಬಿಸಿಲು, ಒಳಗೆ ಏಸಿ. ಹೊಡೆತ ಬಡಿತ ಏನೂ ಇಲ್ಲ. ಆದರೆ ಕಿಟಕಿಗೆ ಬಣ್ಣ ಬಳಿದಿದ್ದಾರೆ, ಹೊತ್ತು ಏರಿದ್ದೂ ಇಳಿದದ್ದೂ ತಿಳಿಯುವುದಿಲ್ಲ. ಅದೊಂದು ನನಗೆ ಕಷ್ಟ.

ಶ್ರೀಲಂಕಾದವರು, ಫಿಲಿಪೈನ್ಸಿನವರು, ಆಂಧ್ರದವರು ಇದ್ದಾರೆ. ಯಾವ ಕೇಸು ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ. ನಾನು "ಬಟಾಟೆ ಸಾಲಡ್" ಎಂದೆ. ಒಬ್ಬಳಿಗೂ ಅರ್ಥವಾಗಲಿಲ್ಲ. ಕೈಸನ್ನೆ ಮಾಡಿ ಸುಲಿದು, ಕತ್ತರಿಸಿ, ಬಾಣಲೆಯಲ್ಲಿ ನೊರೆ ಏಳಿಸಿ ತೋರಿಸಿದೆ. ಹಾಲಿಡೀ ನಗು. ಕಡಪಾದ ಒಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕವಳು ನಗುತ್ತಲೇ ಅಳಲು ಶುರು ಮಾಡಿದಳು. ಅವಳನ್ನು ಸುಮ್ಮನಿರಿಸಲು ಆಗಲಿಲ್ಲ.

ಫೆಲ್ಸಿ ಬರೆದಿಲ್ಲ. ಊರಿನ ಚರ್ಚಿನಲ್ಲಿ ನನ್ನದು ಬಿಯರ್ ಕೇಸೆಂದು ಸುದ್ದಿಯಾಗಿದೆಯಂತೆ, ಸಿಸ್ಟರ್ ಹೇಳಿದರು. ಅವಳನ್ನು ಆಸ್ಪತ್ರೆಯಲ್ಲೂ ಜನ ಕೇಳುತ್ತಾರೋ ಏನೋ. ಎಳೆಯ ಹುಡುಗಿ. ನಾನೇ ಇನ್ನೊಂದು ಕಾಗದ ಬರೆಯೋಣ ಎಂದು ಕುಳಿತೆ, "ಮಗಳೇ" ಎಂದು ಬರೆದು ಮುಂದೆ ಹೋಗಲಿಲ್ಲ.

ಝಹೀರ್ ಬಂದ ಮೇಲೆ ಅವನನ್ನು ಏನೂ ಕೇಳಬೇಡ. ಊಟ ಮಾಡಲಿ, ಮಲಗಲಿ. ಆದದ್ದು ಆಯಿತು.

ನಿನ್ನ
ಬೆನೆಡಿಕ್ಟಾ


ಫರಂಗಿಪೇಟೆ
20 ಜುಲೈ 1997

ಅಕ್ಕ,

ಇವರು ಬಂದರು. ತುಂಬಾ ಇಳಿದುಹೋಗಿದ್ದಾರೆ. ಬಸ್ಸಿನಿಂದ ಇಳಿದ ಮಗನನ್ನು ಮಾವ ಅಪ್ಪಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ "ಇವನಿಗೆ ಅದರಲ್ಲಿ ಎಂತ ಉಂಟೂಂತಲೇ ಗೊತ್ತಿರಲಿಲ್ಲ" ಎಂದರು. ಇವರು ತಲೆ ತಗ್ಗಿಸಿದರು. ದಣಿವು ಎಂದುಕೊಂಡೆ.

ಮಾವ ಎಷ್ಟು ಕರೆದರೂ ಮಸೀದಿಗೆ ಹೋಗಲಿಲ್ಲ. ಟೂರಿಸ್ಟ್ ಕಾರಿನವರು ಕೆಲಸಕ್ಕೆ ಕರೆದರು, ಅದಕ್ಕೂ ಹೋಗಲಿಲ್ಲ. ಸ್ಟೇರಿಂಗ್ ಮುಟ್ಟಿದರೆ ಕೈ ನಡುಗುತ್ತದೆ ಎನ್ನುತ್ತಾರೆ. ನೀವು ಕೇಳಬೇಡ ಎಂದಿರಿ. ನಾನು ಕೇಳಲಿಲ್ಲ. ಆದರೆ ಒಂದು ಮಧ್ಯಾಹ್ನ ಊಟ ಬಡಿಸುವಾಗ ಬಾಯಿ ತಪ್ಪಿ ಬಂತು. "ವಿನೆಗರ್ ಅಂತ ಸುಳ್ಳು ಹೇಳಿ ಕಳಿಸಿದ ಬಾಯಿಯವರು ಕೊನೆಗೆ ಒಪ್ಪಿಕೊಂಡರಲ್ಲ, ಅದೇ ದೊಡ್ಡದು" ಎಂದೆ.

ಇವರು ಬಟ್ಟಲು ದೂಡಿದರು. "ಅಕ್ಕ ನನಗೆ ಸುಳ್ಳು ಹೇಳಿಲ್ಲ" ಎಂದರು.

ಆಮೇಲೆ ಎಲ್ಲ ಹೇಳಿದರು. ಮೇಡಂ ಹೇಳುವಾಗಲೇ ಅದು ಬಿಯರೆಂದು ಇವರಿಗೆ ಗೊತ್ತಿತ್ತಂತೆ. ನೀವು ಕತ್ತಿ ಕೆಳಗಿಟ್ಟು ತುಳುವಿನಲ್ಲಿ "ಪೋವೊಡ್ಚಿ" ಎಂದಿರಂತೆ, ಹೋಗಬೇಡ ಎಂದು. ಟಯರ್ ಪಂಚರ್ ಅಂತ ಹೇಳು, ಬೈದರೆ ಬೈಯಲಿ ಎಂದಿರಂತೆ. ಇವರು "ಇಕಾಮಾ ಅವರ ಕೈಯಲ್ಲಿ ಉಂಟಲ್ಲ ಅಕ್ಕ, ಇವತ್ತು ಇಲ್ಲ ಅಂದ್ರೆ ನಾಳೆ ಊರಿಗೆ" ಎಂದು ಹೊರಟರಂತೆ. ಬಾಗಿಲವರೆಗೆ ಬಂದು ನೀವು ಮತ್ತೊಮ್ಮೆ ಹೇಳಿದಿರಂತೆ. ಕ್ಯಾನಿಗೆ ಹಳೇ ಬಟ್ಟೆ ಸುತ್ತಿ ಡಿಕ್ಕಿಯಲ್ಲಿಟ್ಟದ್ದೂ ಇವರೇ.

"ಆ ಆಫೀಸಿನಲ್ಲಿ ಅಕ್ಕನ ಮಾತನ್ನು ದುಭಾಷಿ ನನಗೆ ಓದಿ ಹೇಳಿದ. ಇದು ನಿಜವಾ ಅಂತ ಕೇಳಿದ. ಇಲ್ಲ ಅನ್ನಲಿಕ್ಕೆ ನಾನು ಬಾಯಿ ತೆಗೆದೆ. ಅಕ್ಕ ಗೋಡೆಯ ಹತ್ತಿರ ನಿಂತಿದ್ದರು. 'ಪನೊಡ್ಚಿ' ಅಂದರು, ಹೇಳಬೇಡ ಅಂತ. ಅಲ್ಲಿ ಯಾರಿಗೂ ತುಳು ಬರುವುದಿಲ್ಲ. ಅವಳು ಏನಂದಳು ಅಂತ ದುಭಾಷಿ ಕೇಳಿದ. ದೇವರನ್ನು ಕರೆದರು ಅಂದೆ. ನಿಜ ಅಂತ ಸೈನ್ ಹಾಕಿದೆ."

ಅಕ್ಕ, ನಾನು ಆ ಹೊತ್ತು ಇವರ ಮುಖ ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋದೆ. ಒಂದು ಮಾತೂ ಕಡಿಮೆ ಇಲ್ಲದೆ ಹೇಳಿ ಎಂದು ನಿಮಗೆ ಬರೆದವಳು ನಾನು. ನಾನು ಹೇಳಿಸಿದ್ದು ಏನನ್ನು ಎಂದು ಈಗ ಗೊತ್ತಾಯಿತು. ಯಾಕೆ ಹಾಗೆ ಬರೆದಿರಿ? ನನಗಾದರೂ ನಿಜ ಹೇಳಬಹುದಿತ್ತಲ್ಲ?

ಇವರು ಮಾವನಿಗೂ ಹೇಳಿದರು. ಮಾವ ಬೈಯುತ್ತಾರೆ, ಹೊಡೆಯುತ್ತಾರೆ ಎಂದು ನಾನು ಬಾಗಿಲ ಹಿಂದೆ ಹೆದರಿ ನಿಂತಿದ್ದೆ. ಅವರು ಕೇಳಿದ್ದು ಒಂದೇ: "ಆ ಹೆಂಗಸಿನ ಮಗಳಿಗೆ ಇದು ಗೊತ್ತುಂಟಾ?"

"ಇಲ್ಲ."

"ಹಾಗಾದ್ರೆ ಮೊದಲು ಅಲ್ಲಿಗೆ ಹೋಗು. ಅವರು ಹೊರಗೆ ಬಂದ ಮೇಲೆ ಮಸೀದಿಯಲ್ಲಿ ನಾನೇ ಹೇಳ್ತೇನೆ."

ನಿನ್ನೆ ಬಸ್ಸಿನಲ್ಲಿ ಕಿನ್ನಿಗೋಳಿಗೆ ಹೋದೆವು. ಫೆಲ್ಸಿ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು, ಬಿಳಿ ಯೂನಿಫಾರ್ಮ್ ತೆಗೆದಿರಲಿಲ್ಲ. ಹೆಸರು ಹೇಳಿದ ಕೂಡಲೇ "ಬಿಯರ್ ವಿಷಯ ಆದ್ರೆ ನನಗೆ ಮಾತಾಡ್ಲಿಕ್ಕೆ ಏನೂ ಇಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತಳು. ಇವರು ಜಗಲಿಯಲ್ಲಿ ನಿಂತುಕೊಂಡೇ ಹೇಳಲು ಶುರು ಮಾಡಿದರು. ಏನನ್ನೂ ಬಿಡಲಿಲ್ಲ. ಫೆಲ್ಸಿ ಚೌಕಟ್ಟು ಹಿಡಿದುಕೊಂಡು ಕೇಳಿದಳು. ಕುಳಿತುಕೊಳ್ಳಿ ಎನ್ನಲಿಲ್ಲ.

ಕೊನೆಗೆ ಕೇಳಿದಳು, "ಮಮ್ಮಿ ಹೋಗ್ಬೇಡ ಅಂದಿದ್ರಾ?"

"ಎರಡು ಸಲ" ಎಂದರು ಇವರು.

ಅವಳು ಒಳಗೆ ಹೋದಳು. ನಾವು ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಇವರು ಮೆಟ್ಟಿಲು ಇಳಿದರು. ಆಗ ಅವಳು ಪೆನ್ನು, ಕಾಗದ ಹಿಡಿದುಕೊಂಡು ಬಂದಳು. ಕಣ್ಣು ಕೆಂಪಾಗಿತ್ತು. "ಅಲ್ಲಿಗೆ ಅಡ್ರೆಸ್ ಹೇಗೆ ಬರೆಯುವುದು, ಹೇಳಿ" ಎಂದಳು.

ನಿಮ್ಮ ತಂಗಿ
ಝಾಹಿದಾ


ಕುವೈತ್
14 ಆಗಸ್ಟ್ 1997

ತಂಗಿ ಝಾಹಿದಾ,

ಫೆಲ್ಸಿಯ ಕಾಗದ ಬಂತು. ನಾಲ್ಕು ಪುಟ, ಎಲ್ಲ ಬೈಗುಳ. ನನ್ನನ್ನು ಕೇಳದೆ ಯಾಕೆ ಹೀಗೆ ಮಾಡಿದಿರಿ, ಊರವರ ಮಾತನ್ನು ನಾನು ನಂಬುವ ಹಾಗೆ ಯಾಕೆ ಬಿಟ್ಟಿರಿ ಎಂದು. ಬೈಯಲಿ. ಸಿಸ್ಟರಿಗೆ ತೋರಿಸಿ, ನೋಡಿ ನನ್ನ ಮಗಳ ಅಕ್ಷರ ಎಷ್ಟು ಚಂದ ಎಂದೆ.

ಯಾಕೆ ಹಾಗೆ ಬರೆದೆ ಎಂದು ಕೇಳಿದ್ದಿ. ಪೊಲೀಸರು ಮನೆಗೆ ಬಂದಾಗ ನಾನು "ನಹೀ" ಎಂದದ್ದು ನಿಜವೇ. ಅದರ ಮೇಲೆ ನಿನ್ನ ಮಾವ ಬಾಂಗ್ ಬಿಟ್ಟು ಅಂಗಳದಲ್ಲಿ ಬೆನ್ನು ಹಾಕಿ ನಿಲ್ಲುತ್ತಾರೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಮಗನಿಗೆ ಗೊತ್ತಿತ್ತು ಎಂದು ಬರೆಯಲು ಕೈ ಬರಲಿಲ್ಲ. ಇಷ್ಟೇ. ದೊಡ್ಡ ಯೋಚನೆ ಮಾಡಿ ಮಾಡಿದ್ದಲ್ಲ. ಒಮ್ಮೆ ಬರೆದ ಮೇಲೆ ಹಿಂದೆ ಹೋಗುವ ದಾರಿ ಇರಲಿಲ್ಲ. ಹೆದರಿಕೆ ಆಗಲಿಲ್ಲವೆಂದು ತಿಳಿಯಬೇಡ.

ಮುಂದಿನ ತಿಂಗಳ ಕೊನೆಗೆ ಬಿಡುತ್ತಾರೆ. ಬೊಂಬಾಯಿಯವರೆಗೆ ವಿಮಾನ, ಅಲ್ಲಿಂದ ಬಸ್ಸು. ಮಂಗಳೂರಿಗೆ ಬರುವ ದಿನ ಫಾಝಿಲ್ ನಿಮಗೆ ಫೋನ್ ಮಾಡುತ್ತಾನೆ. ಮಾವನಿಗೆ ಹೇಳು, ಮಸೀದಿಯಲ್ಲಿ ಹೇಳುವುದು ಬಿಡುವುದು ಅವರ ಇಷ್ಟ, ನನಗೆ ಬೇಕಾಗಿಲ್ಲ.

ನನಗೆ ಬೇಕಾದದ್ದು ಬೇರೆ. ಬಸ್ಸಿಳಿದಲ್ಲಿಂದ ಕಿನ್ನಿಗೋಳಿಗೆ ಒಂದು ಕಾರು ಮಾಡಿ. ಝಹೀರನೇ ಓಡಿಸಬೇಕು. ಬೇರೆ ಡ್ರೈವರ್ ಬಂದರೆ ನಾನು ಹತ್ತುವುದಿಲ್ಲ, ಈಗಲೇ ಹೇಳಿದ್ದೇನೆ. ಕೈ ನಡುಗಿದರೆ ಮೆಲ್ಲಗೆ ಹೋಗಲಿ, ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹೋಗಲಿ. ಫೆಲ್ಸಿ ನನ್ನ ಪಕ್ಕದಲ್ಲಿ ಕುಳಿತು ಬೈಯುತ್ತಿರುತ್ತಾಳೆ. ನನಗೆ ಏನೂ ಅವಸರವಿಲ್ಲ.

ನಿನ್ನ ಅಕ್ಕ
ಬೆನೆಡಿಕ್ಟಾ